ಮೆದುಳುಕಾಂಡ ಮತ್ತು ಬೆನ್ನುಹುರಿ: ದೇಹದೊಳಗಿನ ಮೌನ ಕಾಯಕ



ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ತಮ್ಮವರನ್ನು ಮಲಗಿಸಿ ಶ್ರೀಮಠಕ್ಕೆ ಬರುವ ಬಂಧುಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಬಹಳ ಕಠಿಣವಾದುದು. “ಮೆದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ಎದೆ ಬಡಿಯುತ್ತಿದೆ, ಮೈ ಬೆಚ್ಚಗಿದೆ, ಬೆರಳು ಅಲುಗಿದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಹಾಗಾದರೆ ಜೀವ ಇದೆಯೋ, ಇಲ್ಲವೋ?” ಬೆಂಗಳೂರು–ಪುಣೆ ಹೆದ್ದಾರಿಯ ಮಗ್ಗುಲಲ್ಲಿ ಬದುಕುವ ನಮಗೆ, ದಾವಣಗೆರೆಯ ಮಾರುಕಟ್ಟೆಗೆ, ಕಾಲೇಜಿಗೆ, ಹರಿಹರದ ಕಾರ್ಖಾನೆಗಳ ಕೆಲಸಕ್ಕೆ ದಿನನಿತ್ಯ ದ್ವಿಚಕ್ರ ವಾಹನದಲ್ಲಿ ಓಡಾಡುವ ಮಕ್ಕಳಿರುವ ನಮಗೆ, ಈ ಪ್ರಶ್ನೆ ಯಾವ ಮನೆಯ ಬಾಗಿಲಿಗಾದರೂ ಬರಬಹುದು. ಬಂದಾಗ ಯೋಚಿಸಲು ಸಿಗುವ ಸಮಯ ಕೆಲವೇ ಗಂಟೆಗಳು. ಆದುದರಿಂದ ಮನಸ್ಸು ಶಾಂತವಾಗಿರುವಾಗಲೇ ಈ ವಿಷಯವನ್ನು ತಿಳಿದುಕೊಂಡಿರುವುದು ಒಳಿತು.

ಉತ್ತರ ಅಡಗಿರುವುದು ನಾವು ಸಾಮಾನ್ಯವಾಗಿ ನೆನೆಯದ ಎರಡು ಅವಯವಗಳಲ್ಲಿ. ಒಂದು ಮೆದುಳುಕಾಂಡ, ಮತ್ತೊಂದು ಬೆನ್ನುಹುರಿ. ಇವು ಯಾವ ಕೆಲಸ ಮಾಡುತ್ತವೆ, ಯಾವುದು ಯಾರ ಅಧೀನದಲ್ಲಿದೆ ಎಂಬುದು ತಿಳಿದರೆ ಬೆರಳು ಅಲುಗಿದ್ದೇಕೆ ಎಂಬುದೂ ತಿಳಿಯುತ್ತದೆ.

ಕಾಂಡ ಮತ್ತು ಹುರಿ

ತಲೆಬುರುಡೆಯೊಳಗಿನ ಮೆದುಳಿನ ಬಹುಭಾಗ ಎರಡು ದೊಡ್ಡ ಅರೆಗೋಳಗಳಿಂದ ಕೂಡಿದೆ. ನೆನಪು, ಮಾತು, ವಿಚಾರ, ಇಚ್ಛೆ, ಗುರುತು ಹಿಡಿಯುವಿಕೆ ಇವೆಲ್ಲ ಮುಖ್ಯವಾಗಿ ಆ ಅರೆಗೋಳಗಳ ಕೆಲಸ. ಅವುಗಳ ಕೆಳಗೆ, ಕತ್ತಿನ ಹಿಂಭಾಗದ ನೇರಕ್ಕೆ, ಹೆಬ್ಬೆರಳಿನಷ್ಟು ಗಾತ್ರದ ಒಂದು ಭಾಗವಿದೆ. ಹೂಕೋಸಿನ ದಂಟಿನಂತೆ ಅದು ಮೇಲಿನ ಮೆದುಳನ್ನು ಹೊತ್ತು ನಿಂತಿದೆ. ಇದೇ ಮೆದುಳುಕಾಂಡ. ಮೇಲಿನಿಂದ ಕೆಳಕ್ಕೆ ಮಧ್ಯ ಮೆದುಳು, ಪಾನ್ಸ್, ಮೆಡುಲ್ಲಾ ಎಂದು ಇದಕ್ಕೆ ಮೂರು ಭಾಗಗಳು. ಮೆದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ 10 ಜೊತೆ ಈ ಕಾಂಡಕ್ಕೇ ಸೇರಿದವು. ಕಣ್ಣುಗುಡ್ಡೆಯ ಚಲನೆ, ಮುಖದ ಸ್ಪರ್ಶ, ಅಗಿಯುವಿಕೆ, ನುಂಗುವಿಕೆ, ಧ್ವನಿ, ನಾಲಗೆಯ ಹೊರಳು ಎಲ್ಲವೂ ಇವುಗಳ ಮೂಲಕವೇ ನಡೆಯುತ್ತವೆ.

ಮೆಡುಲ್ಲಾ ತಲೆಬುರುಡೆಯ ತಳದಲ್ಲಿರುವ ದೊಡ್ಡ ರಂಧ್ರದ ಮೂಲಕ ಕೆಳಗಿಳಿದು ಬೆನ್ನುಹುರಿಯಾಗಿ ಮುಂದುವರಿಯುತ್ತದೆ. ವಯಸ್ಕರಲ್ಲಿ ಬೆನ್ನುಹುರಿಯ ಉದ್ದ ಸುಮಾರು 45 ಸೆಂಟಿಮೀಟರ್, ದಪ್ಪ ಕಿರುಬೆರಳಿಗಿಂತ ಹೆಚ್ಚಲ್ಲ. ಅದರಿಂದ 31 ಜೊತೆ ನರಗಳು ಹೊರಟು ಕೈ, ಕಾಲು, ಎದೆ, ಹೊಟ್ಟೆಗಳಿಗೆ ಹರಡುತ್ತವೆ. ಮೆದುಳಿನಿಂದ ಇಳಿಯುವ ಆಜ್ಞೆಗಳೂ ದೇಹದಿಂದ ಏರುವ ಸಂದೇಶಗಳೂ ಈ ಒಂದೇ ದಾರಿಯಲ್ಲಿ ಸಾಗಬೇಕು. ಕೈಕಾಲುಗಳಿಗೆ ಆಜ್ಞೆ ಒಯ್ಯುವ ಎಳೆಗಳಲ್ಲಿ ಬಹುಪಾಲು ಮೆಡುಲ್ಲಾದ ಕೆಳತುದಿಯಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಮೆದುಳಿನ ಬಲಭಾಗಕ್ಕೆ ಲಕ್ವ ಹೊಡೆದರೆ ಎಡಗೈ, ಎಡಗಾಲು ಸ್ವಾಧೀನ ತಪ್ಪುವುದು ಈ ಕಾರಣದಿಂದಲೇ.

ಬೆನ್ನುಹುರಿಯನ್ನು ಬರಿಯ ತಂತಿಯೆಂದು ತಿಳಿಯಬಾರದು. ಮೆದುಳುಕಾಂಡ ಬರಿಯ ಕಂಬವೂ ಅಲ್ಲ. ಎರಡರಲ್ಲಿಯೂ ತಮ್ಮ ಪಾಲಿನ ಕೆಲಸವನ್ನು ತಾವೇ ನಿರ್ವಹಿಸುವ ನರಕೋಶಗಳ ಗುಂಪುಗಳಿವೆ. ನಾವು ಎಚ್ಚರದಲ್ಲಿರಲಿ, ನಿದ್ರೆಯಲ್ಲಿರಲಿ, ಅವುಗಳ ಕಾಯಕ ನಿಲ್ಲುವುದಿಲ್ಲ.

ಉಸಿರಿನ ಮೂಲ

ಎದೆಯ ಮಾಂಸಖಂಡಗಳಿಗೆ ಹೃದಯದಂತೆ ತಾವಾಗಿಯೇ ಮಿಡಿಯುವ ಶಕ್ತಿಯಿಲ್ಲ. ಪ್ರತಿ ಉಸಿರಿಗೂ ಮೇಲಿನಿಂದ ಆಜ್ಞೆ ಬರಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 12ರಿಂದ 18 ಬಾರಿ ಈ ಆಜ್ಞೆಯನ್ನು ಕಳುಹಿಸುವುದು ಮೆಡುಲ್ಲಾ. ಅಲ್ಲಿ ಉಸಿರಿನ ಲಯವನ್ನು ಹುಟ್ಟಿಸುವ ಪುಟ್ಟ ನರಕೋಶ ಸಮೂಹವೊಂದನ್ನು 1991ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಪ್ರಿ-ಬಾಟ್ಜಿಂಗರ್ ಸಮೂಹವೆಂದು ಅದರ ಹೆಸರು.

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಮೆದುಳುಕಾಂಡದ ಕೋಶಗಳು ಅದನ್ನು ಅರಿತು ಉಸಿರಾಟವನ್ನು ಚುರುಕುಗೊಳಿಸುತ್ತವೆ. ಮೆಟ್ಟಿಲು ಹತ್ತಿದಾಗ ಏದುಸಿರು ಬರುವುದಕ್ಕೆ ನಾವು ಯಾರನ್ನೂ ಕೇಳಬೇಕಾಗಿಲ್ಲ. ಇಚ್ಛೆಯಿಂದ ಉಸಿರನ್ನು ಸ್ವಲ್ಪ ಹೊತ್ತು ಹಿಡಿಯಬಹುದು, ನಿಧಾನಗೊಳಿಸಬಹುದು. ಪ್ರಾಣಾಯಾಮ ಸಾಧ್ಯವಾಗುವುದು ಈ ಅವಕಾಶದಿಂದ. ಆದರೆ ಹಿಡಿದ ಉಸಿರನ್ನು ಒಂದು ಮಿತಿಯಾಚೆಗೆ ಹಿಡಿದಿಡಲು ಯಾರಿಗೂ ಆಗದು. ಮೆದುಳುಕಾಂಡ ಇಚ್ಛೆಯನ್ನು ಬದಿಗೆ ಸರಿಸಿ ಉಸಿರನ್ನು ಎಳೆದೇ ತೀರುತ್ತದೆ. ಹರಿಹರೇಶ್ವರನ ಒಂದೇ ಮೂರ್ತಿಯಲ್ಲಿ ಇಬ್ಬರು ದೇವರಿರುವಂತೆ, ಒಂದೇ ಉಸಿರಿನಲ್ಲಿ ಇಚ್ಛೆಯ ಆಳ್ವಿಕೆಯೂ ಇದೆ, ಇಚ್ಛೆಗೆ ಮೀರಿದ ಆಳ್ವಿಕೆಯೂ ಇದೆ.

ಮೆಡುಲ್ಲಾದ ಆಜ್ಞೆ ಕತ್ತಿನಲ್ಲಿರುವ ಬೆನ್ನುಹುರಿಗೆ ಇಳಿದು, ಅಲ್ಲಿಯ 3, 4 ಮತ್ತು 5ನೆಯ ನರಗಳಿಂದ ಹೊರಟು, ಎದೆ ಮತ್ತು ಹೊಟ್ಟೆಯ ನಡುವಣ ವಪೆ ಎಂಬ ಮಾಂಸದ ಪರದೆಯನ್ನು ತಲುಪುತ್ತದೆ. ಅದು ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ. ಈ ನರಗಳಿಗಿಂತ ಮೇಲೆ ಬೆನ್ನುಹುರಿ ಜಜ್ಜಿದರೆ ಮೆದುಳು ಸುಸ್ಥಿತಿಯಲ್ಲಿದ್ದರೂ ಉಸಿರು ನಿಲ್ಲುತ್ತದೆ. ಅವುಗಳಿಗಿಂತ ಕೆಳಗೆ ಪೆಟ್ಟಾದರೆ ಕೈಕಾಲು ಸ್ವಾಧೀನ ತಪ್ಪಿದರೂ ಉಸಿರು ಉಳಿಯಬಹುದು. ಒಂದೆರಡು ಅಂಗುಲದ ಅಂತರದಲ್ಲಿ ಇಷ್ಟು ವ್ಯತ್ಯಾಸ. ಬೇಸಿಗೆಯಲ್ಲಿ ನೀರಿಳಿದು ಬಂಡೆಗಳು ಮೇಲೆದ್ದ ತುಂಗಭದ್ರೆಗೆ ತಲೆ ಕೆಳಗಾಗಿ ಹಾರುವ ಮಕ್ಕಳಿಗೆ ಹಿರಿಯರು ಈ ಮಾತನ್ನು ಖಂಡಿತವಾಗಿ ಹೇಳಬೇಕು. ಅಡಿಕೆ, ತೆಂಗಿನ ಮರ ಹತ್ತುವವರಿಗೂ ಇದು ಅನ್ವಯಿಸುತ್ತದೆ.

ನುಂಗುವುದು, ಕೆಮ್ಮುವುದು ಮತ್ತು ತೀರ್ಥದ ವಿಚಾರ

ಮಂಡಕ್ಕಿ–ಮಿರ್ಚಿ ತಿನ್ನುವಾಗ ಮಾತನಾಡುತ್ತಲೇ ಅಗಿಯುತ್ತೇವೆ, ನುಂಗುತ್ತೇವೆ. ದವಡೆಯ ಏರಿಳಿತದ ಲಯ ಮೆದುಳುಕಾಂಡದಲ್ಲಿದೆ. ಅಗಿದ ತುತ್ತನ್ನು ನಾಲಗೆ ಗಂಟಲಿನೆಡೆಗೆ ತಳ್ಳುವವರೆಗೆ ಮಾತ್ರ ನಮ್ಮ ಇಚ್ಛೆ ನಡೆಯುತ್ತದೆ. ಅಲ್ಲಿಂದ ಮುಂದಿನದು ಮೆಡುಲ್ಲಾದ ಪಾಲು. ಮೂಗಿನ ಕಡೆಯ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಮೇಲೆದ್ದು ಬಿಗಿಯಬೇಕು, ಉಸಿರು ಕ್ಷಣಕಾಲ ನಿಲ್ಲಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಹತ್ತಾರು ಮಾಂಸಖಂಡಗಳು ಸರದಿ ತಪ್ಪದೆ ಸುಮಾರು ಒಂದು ಸೆಕೆಂಡಿನೊಳಗೆ ಈ ಕೆಲಸವನ್ನು ಮುಗಿಸುತ್ತವೆ. ಒಂದು ತೊಟ್ಟು ದಾರಿ ತಪ್ಪಿ ಶ್ವಾಸನಾಳಕ್ಕೆ ಬಿದ್ದರೆ ಅದೇ ಮೆಡುಲ್ಲಾ ಕೆಮ್ಮನ್ನು ಎಬ್ಬಿಸಿ ಹೊರಗೆ ತಳ್ಳುತ್ತದೆ.

ಲಕ್ವ ಹೊಡೆದವರಲ್ಲಿ, ತಲೆಗೆ ಪೆಟ್ಟು ಬಿದ್ದು ಅರೆಪ್ರಜ್ಞೆಯಲ್ಲಿರುವವರಲ್ಲಿ ಈ ಎರಡು ಕಾವಲುಗಳೂ ಸಡಿಲವಾಗಿರುತ್ತವೆ. ಅಂಥವರ ಬಾಯಿಗೆ ಹಾಕಿದ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಕೆಮ್ಮು ಬರಲಿಲ್ಲವೆಂದು ನಾವು ಸಮಾಧಾನಪಡುತ್ತೇವೆ. ಕೆಮ್ಮು ಬಾರದಿರುವುದೇ ಅಪಾಯದ ಸೂಚನೆ. ಎರಡು ಮೂರು ದಿನಗಳಲ್ಲಿ ಜ್ವರ, ಉಬ್ಬಸ, ನ್ಯುಮೋನಿಯಾ ಕಾಣಿಸಿಕೊಳ್ಳುತ್ತವೆ.

ಆದುದರಿಂದ ಭಕ್ತರಲ್ಲಿ ಒಂದು ವಿನಂತಿ. ಪ್ರಜ್ಞೆ ತಪ್ಪಿದವರ, ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ತೀರ್ಥವನ್ನಾಗಲಿ, ಹಾಲನ್ನಾಗಲಿ, ಎಳನೀರನ್ನಾಗಲಿ ಬಿಡಬೇಡಿ. ಹಣೆಗೆ ವಿಭೂತಿ ಧರಿಸಿ, ತೀರ್ಥದಲ್ಲಿ ಅದ್ದಿದ ಬೆರಳನ್ನು ಕಣ್ಣಿಗೆ ಒತ್ತಿದರೆ ಭಕ್ತಿಗೆ ಯಾವ ಕೊರತೆಯೂ ಆಗದು. ಲಕ್ವದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ನುಂಗುವ ಶಕ್ತಿ ಮರಳಿದೆಯೇ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ, ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಬೇಕು.

ಹೃದಯಕ್ಕೆ ಸ್ವಂತ ಲಯ, ಕಾಂಡಕ್ಕೆ ಕಡಿವಾಣ

ಹೃದಯದ ವಿಚಾರ ಬೇರೆ. ಅದರ ಬಡಿತ ಹುಟ್ಟುವುದು ಹೃದಯದ ಗೋಡೆಯಲ್ಲಿರುವ ಒಂದು ಪುಟ್ಟ ಗಂಟಿನಲ್ಲಿ. ನರಗಳ ಸಂಪರ್ಕ ಕಡಿದರೂ, ರಕ್ತ ಮತ್ತು ಆಮ್ಲಜನಕ ದೊರೆಯುತ್ತಿರುವವರೆಗೆ ಅದು ಬಡಿಯಬಲ್ಲುದು. ಮೆದುಳುಕಾಂಡ ಮಾಡುವುದು ಅದರ ವೇಗವನ್ನು ಹೆಚ್ಚಿಸುವ, ತಗ್ಗಿಸುವ ಕೆಲಸವನ್ನು ಮಾತ್ರ.

ನೆಲದ ಮೇಲೆ ಬಹಳ ಹೊತ್ತು ಕುಳಿತು ಇಷ್ಟಲಿಂಗಪೂಜೆ ಮುಗಿಸಿ ಥಟ್ಟನೆ ಎದ್ದಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಒತ್ತಡಮಾಪಕ ನರತುದಿಗಳು ಮೆಡುಲ್ಲಾಕ್ಕೆ ಸುದ್ದಿ ಮುಟ್ಟಿಸುತ್ತವೆ. ಅದು ತಕ್ಷಣ ಹೃದಯದ ಬಡಿತವನ್ನು ಹೆಚ್ಚಿಸಿ, ರಕ್ತನಾಳಗಳನ್ನು ಬಿಗಿಗೊಳಿಸಿ ತಲೆಗೆ ರಕ್ತ ತಲುಪುವಂತೆ ನೋಡಿಕೊಳ್ಳುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ರಕ್ತದೊತ್ತಡದ ಮಾತ್ರೆ ಸೇವಿಸುವವರಲ್ಲಿ ಈ ಏರ್ಪಾಡು ನಿಧಾನವಾಗಿರುವುದರಿಂದ ಕಣ್ಣು ಕತ್ತಲೆ ಬರುತ್ತದೆ. ಪೂಜೆಯಿಂದ ಏಳುವಾಗ ಹಿರಿಯರು ಆಸರೆ ಹಿಡಿದು ನಿಧಾನವಾಗಿ ಏಳುವುದು ಕ್ಷೇಮ.

ಎಚ್ಚರವೆಂಬುದೂ ಕಾಂಡದ ಕೊಡುಗೆಯೇ. ಅದರ ಮೇಲ್ಭಾಗದಲ್ಲಿ ಬಲೆಯಂತೆ ಹರಡಿರುವ ನರಕೋಶಗಳು ಮೆದುಳಿನ ಅರೆಗೋಳಗಳನ್ನು ನಿರಂತರವಾಗಿ ಎಚ್ಚರಿಸುತ್ತಿರುತ್ತವೆ. ಆ ಬಲೆ ನಾಶವಾದರೆ ಮೇಲಿನ ಮೆದುಳು ಕತ್ತಲೆಯಲ್ಲಿ ಉಳಿಯುತ್ತದೆ.

ಬೆನ್ನುಹುರಿಯ ಸ್ವಂತ ತಿಳಿವಳಿಕೆ

ರೊಟ್ಟಿ ಬೇಯಿಸುವ ಹಂಚಿಗೆ ಬೆರಳು ತಾಗಿದರೆ ಸುಟ್ಟಿತೆಂದು ಅರಿವಾಗುವ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ಬಿಸಿಯ ಸುದ್ದಿ ಬೆನ್ನುಹುರಿಗೆ ಮುಟ್ಟಿದೊಡನೆ ಅಲ್ಲಿಂದಲೇ ಕೈ ಎಳೆಯುವ ಆಜ್ಞೆ ಹೊರಡುತ್ತದೆ. ನೋವಿನ ಅರಿವು ಮೆದುಳಿಗೆ ತಲುಪುವುದು ಆಮೇಲೆ. ಜಾಲಿ ಮುಳ್ಳನ್ನು ತುಳಿದಾಗ ಒಂದು ಕಾಲು ಮೇಲೇಳುವಷ್ಟರಲ್ಲಿ ಮತ್ತೊಂದು ಕಾಲು ಬಿಗಿದು ದೇಹದ ಭಾರವನ್ನು ಹೊರುತ್ತದೆ. ಇದೂ ಬೆನ್ನುಹುರಿಯ ಯೋಜನೆಯೇ. ಇಂತಹ ಪ್ರತಿವರ್ತನೆಗಳನ್ನು ಆಳವಾಗಿ ಅಧ್ಯಯನ ಮಾಡಿದ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಅವರಿಗೆ 1932ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ನಡಿಗೆಯ ಹೆಜ್ಜೆಗತಿಯೂ ಬೆನ್ನುಹುರಿಯಲ್ಲಿ ಅಡಗಿದೆ. 1911ರಲ್ಲಿ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ, ಮೆದುಳಿನ ಸಂಪರ್ಕ ಕಡಿದ ಬೆಕ್ಕಿನ ಬೆನ್ನುಹುರಿಯೇ ಕಾಲುಗಳನ್ನು ಸರದಿಯಂತೆ ಆಡಿಸಬಲ್ಲುದೆಂದು ತೋರಿಸಿದರು. 1966ರಲ್ಲಿ ರಷ್ಯಾದ ವಿಜ್ಞಾನಿಗಳು ಬೆಕ್ಕಿನ ಮೆದುಳುಕಾಂಡದ ಒಂದು ನಿರ್ದಿಷ್ಟ ತಾಣಕ್ಕೆ ಅತ್ಯಲ್ಪ ವಿದ್ಯುತ್ತನ್ನು ಹಾಯಿಸಿದಾಗ ಅದು ನಡೆಯತೊಡಗಿತು. ವಿದ್ಯುತ್ತನ್ನು ಹೆಚ್ಚಿಸಿದಂತೆ ನಡಿಗೆ ಓಟವಾಯಿತು. ಗಾಡಿಯ ಎತ್ತುಗಳಿಗೆ ಹೆಜ್ಜೆ ಹಾಕುವುದನ್ನು ರೈತ ಕಲಿಸುವುದಿಲ್ಲ. ಹೊರಡು, ಬೇಗ, ನಿಲ್ಲು ಎಂಬ ಸೂಚನೆಯನ್ನಷ್ಟೇ ಕೊಡುತ್ತಾನೆ. ಮೆದುಳುಕಾಂಡ ಗಾಡಿ ಹೊಡೆಯುವವನ ಸ್ಥಾನದಲ್ಲಿದೆ. ಹೆಜ್ಜೆ ಬಲ್ಲ ಎತ್ತುಗಳು ಬೆನ್ನುಹುರಿಯಲ್ಲಿವೆ. ಯಾವ ಊರಿಗೆ ಹೋಗಬೇಕೆಂದು ನಿರ್ಧರಿಸುವುದು ಮೇಲಿನ ಮೆದುಳು. ಹುಟ್ಟಿದ ಮಗುವಿನ ಕಂಕುಳಿಗೆ ಕೈಕೊಟ್ಟು ಪಾದಗಳನ್ನು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಇಡುವಂತೆ ಕಾಲಾಡಿಸುವುದನ್ನು ಬಾಣಂತಿ ಮನೆಯಲ್ಲಿ ಅನೇಕರು ಕಂಡಿರಬಹುದು.

ಮೂತ್ರ ವಿಸರ್ಜನೆಯಲ್ಲಿಯೂ ಇಂಥ ಹಂಚಿಕೆಯಿದೆ. ಚೀಲ ತುಂಬಿದಾಗ ಖಾಲಿ ಮಾಡುವ ಸರಳ ಪ್ರತಿವರ್ತನೆ ಬೆನ್ನುಹುರಿಯ ಕೆಳತುದಿಯಲ್ಲಿದೆ. ಚೀಲ ಹಿಂಡುವುದು, ದ್ವಾರ ಸಡಿಲಿಸುವುದು ಎರಡನ್ನೂ ಹೊಂದಿಸುವ ಕೇಂದ್ರ ಪಾನ್ಸ್‌ನಲ್ಲಿದೆ. ಸಮಯ, ಸ್ಥಳ ನೋಡಿ ಅನುಮತಿ ನೀಡುವುದು ಮೇಲಿನ ಮೆದುಳು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಈ ಹೊಂದಾಣಿಕೆ ತಪ್ಪಿ, ಚೀಲದಲ್ಲಿ ಉಳಿದ ಮೂತ್ರ ಸೋಂಕಿಗೂ ಮೂತ್ರಪಿಂಡದ ಹಾನಿಗೂ ಕಾರಣವಾಗುತ್ತದೆ. ಅಂಥವರನ್ನು ಮನೆಯಲ್ಲಿ ಆರೈಕೆ ಮಾಡುವವರು ವೈದ್ಯರು ಕಲಿಸಿದಂತೆ ಹೊತ್ತುಹೊತ್ತಿಗೆ ಮೂತ್ರ ತೆಗೆಯುವುದನ್ನು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ವ್ರತದಂತೆ ಪಾಲಿಸಬೇಕು. ಅವರ ಆಯುಷ್ಯ ನಿಂತಿರುವುದು ಬಹುಮಟ್ಟಿಗೆ ಈ ಆರೈಕೆಯ ಮೇಲೆಯೇ. ಸ್ವಾಧೀನವಿಲ್ಲದ ಕಾಲು ಕೆಲವೊಮ್ಮೆ ತಾನಾಗಿಯೇ ಸೆಟೆದು ಒದೆಯುತ್ತದೆ. ಮೇಲಿನ ಹಿಡಿತ ತಪ್ಪಿದ ಬೆನ್ನುಹುರಿಯ ಪ್ರತಿವರ್ತನೆ ಅದು. ಅದನ್ನು ಕಂಡು ಗುಣವಾಯಿತೆಂದು ಚಿಕಿತ್ಸೆಯನ್ನು ನಿಲ್ಲಿಸಬಾರದು.

ಕನ್ನಡ ನಾಡು ಕಂಡ ಮೂರು ಪ್ರಸಂಗಗಳು

ಈ ಭಾಗಗಳು ಬೇರೆ ಬೇರೆ ಎಂಬುದನ್ನು ನಮ್ಮ ನಾಡಿನವರೇ ಆದ ಮೂವರ ಬದುಕು ಸ್ಪಷ್ಟಪಡಿಸುತ್ತದೆ.

ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅವರ ಮೇಲೆ ಘೋರವಾದ ಹಲ್ಲೆ ನಡೆಯಿತು. ಕತ್ತಿಗೆ ಬಿಗಿದ ಸರಪಳಿಯಿಂದ ಮೆದುಳಿಗೆ ರಕ್ತ ತಲುಪದೆ ಮೇಲಿನ ಮೆದುಳು ತೀವ್ರವಾಗಿ ಹಾನಿಗೊಂಡಿತು. ಆದರೆ ಮೆದುಳುಕಾಂಡದ ಮೂಲಕಾರ್ಯಗಳು ಉಳಿದವು. ಅವರು ಯಂತ್ರದ ನೆರವಿಲ್ಲದೆ ಉಸಿರಾಡುತ್ತಿದ್ದರು, ಕಣ್ಣು ತೆರೆಯುತ್ತಿದ್ದರು, ಬಾಯಿಗಿಟ್ಟ ಮೆತ್ತನೆಯ ಆಹಾರವನ್ನು ನುಂಗುತ್ತಿದ್ದರು. ಸಹೋದ್ಯೋಗಿ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಸಾಕಿದರು. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಲ್ಲಿ ಅವರು ಮೃತರಲ್ಲ ಎಂಬುದನ್ನು ಸ್ಪಷ್ಟಪಡಿಸಿತು. 2015ರ ಮೇ 18ರಂದು, ಸುಮಾರು 42 ವರ್ಷಗಳ ನಂತರ, ನ್ಯುಮೋನಿಯಾದಿಂದ ಅವರು ತೀರಿಕೊಂಡರು.

2016ರ ಫೆಬ್ರವರಿಯಲ್ಲಿ ನಮ್ಮ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ, ತುಮಕೂರು ಜಿಲ್ಲೆಯ ಯುವಕ ಹರೀಶ್ ಅವರ ಮೇಲೆ ಲಾರಿ ಹರಿಯಿತು. ಸೊಂಟದ ಕೆಳಗಿನ ದೇಹ ಬೇರೆಯಾಯಿತು. ಆದರೂ ಮೆದುಳು, ಮೆದುಳುಕಾಂಡ, ಕತ್ತಿನ ಬೆನ್ನುಹುರಿ ಸುಸ್ಥಿತಿಯಲ್ಲಿದ್ದುದರಿಂದ ಅವರಿಗೆ ಪ್ರಜ್ಞೆಯಿತ್ತು, ಉಸಿರಿತ್ತು, ಮಾತಿತ್ತು. ಆ ಮಾತಿನಲ್ಲಿ ಅವರು ಕೇಳಿಕೊಂಡದ್ದು ತಮ್ಮ ಅಂಗಾಂಗಗಳನ್ನು ದಾನ ಮಾಡಬೇಕೆಂದು. ಹೆಲ್ಮೆಟ್ ಧರಿಸಿದ್ದ ಕಾರಣ ಅವರ ಕಣ್ಣುಗಳಿಗೆ ಧಕ್ಕೆಯಾಗಿರಲಿಲ್ಲ, ಅವು ದಾನವಾದವು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ಭರಿಸುವ ಯೋಜನೆಯನ್ನು ಅದೇ ವರ್ಷ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಆರಂಭಿಸಿತು.

ಕಡೂರು ತಾಲ್ಲೂಕು ಪಂಚನಹಳ್ಳಿಯ ಸಂಚಾರಿ ವಿಜಯ್, ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ನಟ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ಅವರ ತಲೆಗೆ ತೀವ್ರ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ನಡೆದರೂ ಫಲಿಸಲಿಲ್ಲ. ಯಂತ್ರದ ನೆರವಿನಿಂದ ಉಸಿರು ಆಡುತ್ತಿತ್ತು, ಹೃದಯ ಬಡಿಯುತ್ತಿತ್ತು. ಆದರೆ ಮೆದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಘೋಷಿಸಿದರು. ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಅಂತ್ಯಕ್ರಿಯೆ ಹುಟ್ಟೂರಾದ ಪಂಚನಹಳ್ಳಿಯಲ್ಲಿ ನಡೆಯಿತು.

ಅರುಣಾ ಅವರ ಅರಿವು ಅಳಿದಿತ್ತು, ಕಾಂಡ ಉಳಿದಿತ್ತು, ಅವರು ಜೀವಂತರಾಗಿದ್ದರು. ಹರೀಶ್ ಅರ್ಧ ದೇಹವನ್ನು ಕಳೆದುಕೊಂಡೂ ಕೊನೆಯ ಮಾತಿನವರೆಗೆ ತಾವು ತಾವಾಗಿಯೇ ಉಳಿದರು. ವಿಜಯ್ ಅವರ ದೇಹ ಉಳಿದಿತ್ತು, ಕಾಂಡ ಅಳಿದಿತ್ತು. ಮೊದಲ ಮತ್ತು ಮೂರನೆಯ ಸ್ಥಿತಿಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ಅನೇಕ ಗೊಂದಲಗಳು ಹುಟ್ಟುತ್ತವೆ. ಅರುಣಾ ಅವರಂತೆ ದೀರ್ಘಕಾಲ ಪ್ರಜ್ಞಾಹೀನರಾಗಿರುವವರಿಗೆ ಸ್ವಂತ ಉಸಿರಿದೆ. ಅವರನ್ನು ಮೃತರೆಂದು ಯಾವ ವೈದ್ಯರೂ ಘೋಷಿಸಲಾರರು.

ಮೆದುಳುಕಾಂಡ ಅಳಿಯುವುದು ಹೇಗೆ, ನಿರ್ಣಯಿಸುವುದು ಹೇಗೆ

ಪೆಟ್ಟು ಹಣೆಗೋ ಪಕ್ಕೆಗೋ ಬಿದ್ದಿದ್ದರೂ ಕಾಂಡ ಅಳಿಯುವುದೇಕೆ? ತಲೆಬುರುಡೆ ಮುಚ್ಚಿದ ಗಡಿಗೆಯಂತೆ. ಒಳಗೆ ರಕ್ತ ಸೋರಿ ಅಥವಾ ಮೆದುಳು ಊದಿಕೊಂಡು ಒತ್ತಡ ಹೆಚ್ಚಿದರೆ ಹೊರಹೋಗಲು ತಳದ ರಂಧ್ರವೊಂದೇ ದಾರಿ. ಊದಿದ ಮೆದುಳು ಕೆಳಕ್ಕೆ ಸರಿದು ಕಾಂಡವನ್ನು ಅದುಮುತ್ತದೆ, ಅದರ ರಕ್ತಸಂಚಾರ ನಿಲ್ಲುತ್ತದೆ. ಬಿದ್ದವನು ಎದ್ದು ಮಾತನಾಡಿ, ಕೆಲವು ಗಂಟೆಗಳ ನಂತರ ಕುಸಿಯುವುದು ಇದರಿಂದಲೇ. ತಲೆಗೆ ಪೆಟ್ಟಾದವರಲ್ಲಿ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಕಾಣಿಸಿದರೆ ಮಲಗಿದರೆ ಸರಿಹೋಗುತ್ತದೆ ಎನ್ನದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮೆದುಳುಕಾಂಡದ ಮರಣವನ್ನು ಮರಣವೆಂದೇ ಒಪ್ಪುತ್ತದೆ. ಅದನ್ನು ಒಬ್ಬ ವೈದ್ಯರು ಘೋಷಿಸುವಂತಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು, ಆಸ್ಪತ್ರೆಯ ಹೊಣೆ ಹೊತ್ತ ವೈದ್ಯರು, ಮಾನ್ಯತೆ ಪಡೆದ ಪಟ್ಟಿಯಿಂದ ಒಬ್ಬ ತಜ್ಞರು, ನರರೋಗ ಅಥವಾ ನರಶಸ್ತ್ರ ತಜ್ಞರು ಹೀಗೆ ನಾಲ್ವರ ಮಂಡಳಿ ಸಹಿ ಮಾಡಬೇಕು. ಅಂಗಾಂಗ ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ಪರೀಕ್ಷೆಗಳು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ನಡೆಯಬೇಕು.

ಆ ಪರೀಕ್ಷೆಗಳು ನಾವು ಮೇಲೆ ನೋಡಿದ ಕೆಲಸಗಳನ್ನೇ ಒಂದೊಂದಾಗಿ ವಿಚಾರಿಸುತ್ತವೆ. ಬೆಳಕು ಬಿಟ್ಟಾಗ ಕಣ್ಣಿನ ಪಾಪೆ ಕುಗ್ಗುವುದೇ? ಕಣ್ಣುಗುಡ್ಡೆಯನ್ನು ಮುಟ್ಟಿದರೆ ರೆಪ್ಪೆ ಮಿಟುಕುವುದೇ? ಕಿವಿಯೊಳಗೆ ತಣ್ಣೀರು ಬಿಟ್ಟಾಗ ಕಣ್ಣುಗಳು ಚಲಿಸುವುವೇ? ಗಂಟಲು ಮುಟ್ಟಿದರೆ ಓಕರಿಕೆ, ಶ್ವಾಸನಾಳ ತಾಗಿದರೆ ಕೆಮ್ಮು ಬರುವುದೇ? ಕೊನೆಯದಾಗಿ, ಆಮ್ಲಜನಕ ಕೊಡುತ್ತಲೇ ಉಸಿರಿನ ಯಂತ್ರವನ್ನು ಕೆಲವು ನಿಮಿಷ ಬೇರ್ಪಡಿಸಿ, ಇಂಗಾಲದ ಡೈಆಕ್ಸೈಡ್ ಏರಿದಾಗಲಾದರೂ ಎದೆ ಉಸಿರಿಗಾಗಿ ಎದ್ದೀತೇ ಎಂದು ಕಾಯುತ್ತಾರೆ. ವಿಷ, ನಿದ್ರಾಜನಕ ಔಷಧ, ಮೈ ವಿಪರೀತ ತಣ್ಣಗಾಗಿರುವುದು ಮೊದಲಾದ ಕಾರಣಗಳಿಲ್ಲವೆಂದು ಮೊದಲೇ ಖಚಿತಪಡಿಸಿಕೊಂಡಿರುತ್ತಾರೆ.

ಈಗ ಆ ಕಠಿಣ ಪ್ರಶ್ನೆಗೆ ಬರೋಣ. ಹೃದಯ ಬಡಿಯುವುದು ಅದರ ಸ್ವಂತ ಗಂಟಿನಿಂದ, ಯಂತ್ರ ಒದಗಿಸುವ ಆಮ್ಲಜನಕದ ಬಲದಿಂದ. ಮೈ ಬೆಚ್ಚಗಿರುವುದು ಆ ರಕ್ತಸಂಚಾರದಿಂದ ಮತ್ತು ಆಸ್ಪತ್ರೆಯವರ ಆರೈಕೆಯಿಂದ. ಬೆರಳು ಅಲುಗಿದ್ದು, ಕಾಲು ಮಡಿಚಿದ್ದು, ಅಪರೂಪಕ್ಕೆ ತೋಳು ಮೇಲೆದ್ದದ್ದು ಕೂಡ ಬೆನ್ನುಹುರಿಯ ಪ್ರತಿವರ್ತನೆ. ಕಾಂಡ ಅಳಿದ ಮೇಲೂ ಬೆನ್ನುಹುರಿಗೆ ರಕ್ತ ದೊರೆಯುತ್ತಿರುವುದರಿಂದ ಅದು ತನ್ನ ಹಳೆಯ ಅಭ್ಯಾಸವನ್ನು ತೋರುತ್ತದೆ. ಗೋಡೆಯಿಂದ ಬಿದ್ದ ಹಲ್ಲಿಯ ಬಾಲ ಹಲ್ಲಿ ಓಡಿಹೋದ ಮೇಲೂ ಹೊರಳಾಡುತ್ತದೆ. ಆ ಬಾಲಕ್ಕೆ ನೋವಿನ ಅರಿವಿಲ್ಲ. ಕಂಡ ಚಲನೆ ಸುಳ್ಳಲ್ಲ, ನಿಮ್ಮ ಕಣ್ಣೂ ಸುಳ್ಳು ಹೇಳಿಲ್ಲ. ಆದರೆ ಅದು ಅವರು ನಿಮಗೆ ಕೊಟ್ಟ ಸನ್ನೆಯಲ್ಲ. ಸಂದೇಹವಿದ್ದರೆ ಕಾಂಡದ ಪರೀಕ್ಷೆಗಳ ಫಲಿತಾಂಶವನ್ನು ವಿವರಿಸುವಂತೆ ವೈದ್ಯರನ್ನು ನಿಸ್ಸಂಕೋಚವಾಗಿ ಕೇಳಿರಿ.

ದಾನ, ಸಂಸ್ಕಾರ ಮತ್ತು ಕರ್ತವ್ಯ

ಮೆದುಳುಕಾಂಡದ ಮರಣ ಖಚಿತವಾದ ನಂತರ ಅಂಗಾಂಗ ದಾನದ ವಿಚಾರವನ್ನು ಆಸ್ಪತ್ರೆಯವರು ಪ್ರಸ್ತಾಪಿಸಬಹುದು. ಕರ್ನಾಟಕದಲ್ಲಿ ಇದನ್ನು ನಿರ್ವಹಿಸುವ ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’. ಒಪ್ಪುವುದೂ ಒಪ್ಪದಿರುವುದೂ ಕುಟುಂಬದ ಹಕ್ಕು. ಅಂಗಾಂಗಗಳ ಕ್ರಯವಿಕ್ರಯ ಶಿಕ್ಷಾರ್ಹ ಅಪರಾಧ.

ನಮ್ಮ ಸಂಪ್ರದಾಯದಂತೆ ಕೂರಿಸಿ ಕ್ರಿಯಾಸಮಾಧಿ ಮಾಡಲು ಅಡ್ಡಿಯಾದೀತೇ ಎಂದು ಭಕ್ತರು ಕೇಳುವುದುಂಟು. ಅಂಗಾಂಗ ತೆಗೆದ ನಂತರ ಶಸ್ತ್ರಚಿಕಿತ್ಸೆಯ ಗಾಯವನ್ನು ಹೊಲಿದು ದೇಹವನ್ನು ಗೌರವದಿಂದ ಕುಟುಂಬಕ್ಕೆ ಒಪ್ಪಿಸುತ್ತಾರೆ. ಸ್ನಾನ, ವಿಭೂತಿಧಾರಣೆ, ಸಮಾಧಿ ಎಲ್ಲವನ್ನೂ ಯಥಾವಿಧಿ ನೆರವೇರಿಸಬಹುದು. ದಾಸೋಹವನ್ನು ಬಾಳಿನ ಧರ್ಮವೆಂದು ನಂಬಿದ ನಮಗೆ ಈ ದಾನ ಅಪರಿಚಿತವಾದುದಲ್ಲ. ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಒಮ್ಮೆ ಕುಳಿತು ತಮ್ಮ ತಮ್ಮ ಇಚ್ಛೆಯನ್ನು ಹೇಳಿಕೊಂಡಿದ್ದರೆ, ಆ ಹೊತ್ತಿನಲ್ಲಿ ತಾಯಿಯೋ ಮಡದಿಯೋ ಒಬ್ಬಂಟಿಯಾಗಿ ನಿರ್ಧಾರದ ಭಾರ ಹೊರಬೇಕಾಗುವುದಿಲ್ಲ.

ಇದಕ್ಕಿಂತ ಮೊದಲಿನ ಕರ್ತವ್ಯ, ಅಂಥ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು. ದಾವಣಗೆರೆಯಿಂದ ಹರಿಹರಕ್ಕೆ ಹತ್ತು ಹದಿನೈದು ಕಿಲೋಮೀಟರ್ ದಾರಿ. ಇಷ್ಟು ದೂರಕ್ಕೆ ಹೆಲ್ಮೆಟ್ ಏಕೆಂದು ಯಾರೂ ಅನ್ನಬಾರದು. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಜಾತ್ರೆಗೆ, ಶಿವಾನುಭವ ಗೋಷ್ಠಿಗೆ, ಶರಣ ಸಂಗಮಕ್ಕೆ ಬೈಕಿನಲ್ಲಿ ಬರುವ ಭಕ್ತರು ಇಬ್ಬರೂ ಹೆಲ್ಮೆಟ್ ಧರಿಸಿ, ಪಟ್ಟಿ ಬಿಗಿದು ಬರಬೇಕೆಂಬುದು ನಮ್ಮ ಕೋರಿಕೆ.

ರಸ್ತೆಯಲ್ಲಿ ಗಾಯಾಳುವನ್ನು ಕಂಡರೆ ಮೊದಲು 108ಕ್ಕೆ ಕರೆ ಮಾಡಿ. ಬೆಂಕಿ, ವಾಹನ ಸಂಚಾರದಂತಹ ತಕ್ಷಣದ ಅಪಾಯವಿಲ್ಲದಿದ್ದರೆ ಅವರನ್ನು ಎಬ್ಬಿಸಿ ಕೂರಿಸಬೇಡಿ, ಆಟೋದಲ್ಲಿ ಮಡಿಚಿ ತುರುಕಬೇಡಿ. ಮುರಿದ ಕತ್ತಿನ ಮೂಳೆ ಜರುಗಿ, ಅದುವರೆಗೆ ಉಳಿದಿದ್ದ ಬೆನ್ನುಹುರಿ ಆ ಎಳೆದಾಟದಲ್ಲಿ ತುಂಡಾಗಬಹುದು. ಸ್ಥಳಾಂತರಿಸಲೇಬೇಕಾದರೆ ಮೂರು ನಾಲ್ಕು ಜನ ಸೇರಿ, ಒಬ್ಬರು ತಲೆ ಮತ್ತು ಕತ್ತನ್ನು ಅಲುಗದಂತೆ ಹಿಡಿದು, ಹಲಗೆಯಂತೆ ಒಂದೇ ನೇರದಲ್ಲಿ ಎತ್ತಬೇಕು. ಬಾಯಿಗೆ ನೀರು ಹಾಕಬೇಡಿ. ಕಾರಣವನ್ನು ಮೇಲೆ ಓದಿದ್ದೀರಿ. ಪೊಲೀಸ್ ಠಾಣೆ, ನ್ಯಾಯಾಲಯಗಳ ಅಲೆದಾಟಕ್ಕೆ ಅಂಜುವ ಅಗತ್ಯವಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಹೆಸರು ಹೇಳುವಂತೆಯೂ ಅವರನ್ನು ಒತ್ತಾಯಿಸುವಂತಿಲ್ಲ.

ಹೆಬ್ಬೆರಳಿನ ಗಾತ್ರದ ಕಾಂಡವೂ ಕಿರುಬೆರಳಿನ ದಪ್ಪದ ಹುರಿಯೂ ನಾವು ಹುಟ್ಟಿದಂದಿನಿಂದ ನಮಗಾಗಿ ದುಡಿಯುತ್ತಿವೆ. ಅವುಗಳನ್ನು ಕಾಪಾಡಲು ನಮ್ಮಿಂದಾಗುವುದು ಕೆಲವೇ ಕೆಲಸಗಳು, ಮತ್ತು ಆ ಕೆಲಸಗಳೆಲ್ಲ ನಮ್ಮ ಕೈಯಲ್ಲಿಯೇ ಇವೆ. ಈ ಲೇಖನವನ್ನು ಮನೆಯ ಯುವಕ ಯುವತಿಯರಿಗೆ ತಪ್ಪದೆ ಓದಿಸಬೇಕೆಂದು ಸದ್ಭಕ್ತರಲ್ಲಿ ಪ್ರಾರ್ಥಿಸುತ್ತೇವೆ.

 

— ಕಾರ್ಯದರ್ಶಿಗಳು, ಶ್ರೀಮಠ